ತಣ್ಣಗಿನ ನೀರಿಗೆ ಹೆಚ್ಚುವರಿ ದರವೇಕೆ?

ಮಾನ್ಯರೇ,

ಗೋಕರ್ಣ, ಮುರ್ಡೇಶ್ವರದ ಕಡಲತೀರಗಳಲ್ಲಿ ಪ್ರವಾಸಿಗರ ಹಂಗಾಮು ಬಂತೆಂದರೆ 20 ರೂಪಾಯಿ ಎಂಆರ್‌ಪಿಯ ನೀರಿನ ಬಾಟಲಿಗೆ 25–30 ರೂಪಾಯಿ ಕೇಳುವ ಅಂಗಡಿಗಳಿರುತ್ತವೆ. 'ಫ್ರಿಜ್ ಚಾರ್ಜು' ಎಂಬುದು ಅವರ ಸಮಜಾಯಿಷಿ. ಇದು ಕಾನೂನಿಗೆ ವಿರುದ್ಧ. 2011ರ ಪೊಟ್ಟಣ ಸಾಮಗ್ರಿ ನಿಯಮಗಳ 18(2)ರಂತೆ ಅಂಗಡಿಯವರು ಮುದ್ರಿತ ದರ ಮೀರುವಂತಿಲ್ಲ. ತೆರಿಗೆಯೂ ಅದರಲ್ಲೇ ಸೇರಿದೆ. ಒಂದೇ ಸರಕಿಗೆ ಅನುಚಿತವಾಗಿ ಎರಡು ಎಂಆರ್‌ಪಿ ಮುದ್ರಿಸುವುದಕ್ಕೂ 2018ರ ಜನವರಿಯಿಂದ ನಿಷೇಧವಿದೆ. ಸ್ಟಿಕ್ಕರ್ ಅಂಟಿಸಿ ದರ ಇಳಿಸಬಹುದು, ಅದೂ ಹಳೆಯ ದರ ಮುಚ್ಚದಂತೆ, ಏರಿಸುವಂತಿಲ್ಲ.

ಹೋಟೆಲಿನಲ್ಲಿ ಕುಳಿತು ಕುಡಿಯುವ ನೀರಿನ ಮಾತು ಬೇರೆ. ಅಲ್ಲಿ ಸೇವೆಯೂ ಸೇರಿರುವುದರಿಂದ ಎಂಆರ್‌ಪಿ ಕಟ್ಟುಪಾಡು ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಈ ವ್ಯತ್ಯಾಸ ತಿಳಿಯದೆ ಜಗಳಕ್ಕಿಳಿಯುವುದು ವ್ಯರ್ಥ.

ದೂರುಗಳು ಬಿದ್ದುಹೋಗುವುದು ಹೆಚ್ಚಾಗಿ ಸಾಕ್ಷ್ಯವಿಲ್ಲದೆ. ಫೋನ್‌ಪೇ ರಸೀದಿಯಲ್ಲಿ ಹಣ ಕಾಣುತ್ತದೆ, ಕೊಂಡ ವಸ್ತು ಕಾಣುವುದಿಲ್ಲ. ಆದ್ದರಿಂದ ಬಿಲ್ ಕೇಳಲೇಬೇಕು. ಕೊಡಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಎಂಆರ್‌ಪಿ, ಬ್ಯಾಚ್ ಸಂಖ್ಯೆ ಕಾಣುವಂತೆ ಫೋಟೊ ತೆಗೆದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಅಥವಾ ಕಾನೂನು ಮಾಪನಶಾಸ್ತ್ರ (ತೂಕ–ಅಳತೆ) ಇಲಾಖೆಗೆ ಬರೆದುಕೊಡಿ. ಪರಿಹಾರ ಬೇಕಿದ್ದರೆ ಎರಡು ವರ್ಷದೊಳಗೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಶಿರಸಿ, ಸಿದ್ದಾಪುರದವರು ಘಟ್ಟವಿಳಿದು ಬರಬೇಕಿಲ್ಲ, ಆನ್‌ಲೈನಿನಲ್ಲೇ ಸಲ್ಲಿಸಬಹುದು.

ಇಲಾಖೆಯವರು ದೂರಿಗೆ ಕಾಯದೆ, ಡಿಸೆಂಬರ್ ರಜೆಗೆ ಮೊದಲೇ ತೀರದ ಅಂಗಡಿಗಳನ್ನು ತಪಾಸಣೆ ಮಾಡಲಿ.

– ಓದುಗ, ಕುಮಟಾ