ವಾಟರ್ ಪಾರ್ಕಿನ ಗೇಟಿನ ಪಕ್ಕದ ಪಾರ್ಕಿಂಗ್ ಬಗ್ಗೆ ನಮ್ಮ ಗ್ರಾಹಕರಿಗೆ

ಮಾನ್ಯರೇ,

ಬೇವಿನ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ ರೂಢಿಯಾದವರಿಗೆ ಈ ತಿಂಗಳಿನಿಂದ ಅಲ್ಲಿ ಜಾಗವಿಲ್ಲ. ಅದು ವಿಕಲಚೇತನರಿಗೆ ಮೀಸಲು. 7 ಕಾರು ಹಿಡಿಯುತ್ತಿದ್ದಲ್ಲಿ ಈಗ 4 ಕಾರು, ಜೊತೆಗೆ ಮೂರು ಚಕ್ರದ 2 ಸ್ಕೂಟರ್. ಒಂದು ಮಾತೂ ತಿಳಿಸದೆ ಹಗ್ಗ ಕಟ್ಟಿಬಿಟ್ಟದ್ದು ತಪ್ಪು, ಕ್ಷಮಿಸಿ. ಮೀಸಲಿಟ್ಟದ್ದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

"ಯಾವಾಗ ನೋಡಿದರೂ ಖಾಲಿ ಬಿದ್ದಿರುತ್ತದೆ, ಮಕ್ಕಳನ್ನು ಎತ್ತಿಕೊಂಡು ನಾವೇಕೆ ಬಿಸಿಲಲ್ಲಿ ನಡೆಯಬೇಕು?" ಭಾನುವಾರ ಟಿಕೆಟ್ ಕಿಟಕಿಯಲ್ಲಿ ಕುಳಿತರೆ ಹತ್ತು ಸಲವಾದರೂ ಇದನ್ನು ಕೇಳುತ್ತೇನೆ. ಹೌದು, ಖಾಲಿ ಇರುತ್ತದೆ. ಮೊದಲು ನೆಲದ ಮೇಲೆ ಗಾಲಿಕುರ್ಚಿಯ ಚಿತ್ರವಷ್ಟೇ ಇತ್ತು. ಜನ ಹೆಚ್ಚಾದರೆ ನಮ್ಮ ಕಾವಲುಗಾರರೇ ಯಾರ ಕಾರನ್ನಾದರೂ ಅಲ್ಲಿಗೆ ಬಿಡುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಕೈಯಿಂದಲೇ ಬ್ರೇಕ್ ಹಾಕುವ ಕಾರನ್ನು ಸ್ವತಃ ಓಡಿಸಿಕೊಂಡು ಬಂದಿದ್ದ ಒಬ್ಬ ಮಹಿಳೆ ಸಂಜೆ ಹೊರಡುವಾಗ, ಅವರ ಬಾಗಿಲಿನಿಂದ ಎರಡು ಗೇಣು ದೂರದಲ್ಲಿ ಇನ್ನೊಂದು ಕಾರು ನಿಂತಿತ್ತು. ಗಾಲಿಕುರ್ಚಿ ಒಳಗೆ ನುಸುಳಲಿಲ್ಲ. ಮೈಕಿನಲ್ಲಿ ಮೂರು ಸಲ ನಂಬರ್ ಕೂಗಿದೆವು. ಆ ಇನ್ನೊಂದು ಕಾರಿನವರು ಅಲೆಗಳ ಕೊಳದಲ್ಲಿದ್ದರು. ನಿಮ್ಮ ಕಾರನ್ನು ನಾವೇ ಹೊರತೆಗೆದು ಕೊಡುತ್ತೇವೆ ಎಂದರೆ ಆಕೆ ಕೀಲಿ ಕೊಡಲಿಲ್ಲ. ನಾನಾಗಿದ್ದರೂ ಕೊಡುತ್ತಿರಲಿಲ್ಲ. ಮುಕ್ಕಾಲು ಗಂಟೆ ಅವರು ಅಲ್ಲೇ ಕಾದರು.

ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಇಂಥ ಜಾಗ 3.6 ಮೀಟರ್ ಅಗಲವಿರಬೇಕು, ಪ್ರವೇಶದ್ವಾರದಿಂದ 30 ಮೀಟರ್ ಒಳಗಿರಬೇಕು ಎನ್ನುವುದು ಸುಮ್ಮನೆ ಅಲ್ಲವೆಂದು ಆ ದಿನ ಗೊತ್ತಾಯಿತು.

"ನಡೆದುಕೊಂಡೇ ಹೋದರಲ್ಲ, ಇವರಿಗೇನಾಗಿದೆ?" ಎಂದು ದಯವಿಟ್ಟು ಯಾರನ್ನೂ ತಡೆಯಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಹಿಮೋಫಿಲಿಯಾ, ಸಿಕಲ್ ಸೆಲ್‌ನಂಥ ಕಣ್ಣಿಗೆ ಕಾಣದ ರಕ್ತದ ಕಾಯಿಲೆಗಳೂ ಇವೆ. ಯುಡಿಐಡಿ ಕಾರ್ಡನ್ನೋ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ವೈದ್ಯಕೀಯ ಪ್ರಮಾಣಪತ್ರವನ್ನೋ ಕಾವಲುಗಾರರಿಗೆ ತೋರಿಸಿದರೆ ಸಾಕು. ಶುಲ್ಕವಿಲ್ಲ.

ಇನ್ನು ಟಿಕೆಟ್ ದರ. "ರ‍್ಯಾಂಪ್ ಕಟ್ಟಿಸಿದ ದುಡ್ಡನ್ನು ನಮ್ಮಿಂದ ವಸೂಲು ಮಾಡುತ್ತಿದ್ದೀರಿ" ಎಂಬ ಮಾತು ಮನಸ್ಸಿಗೆ ನೋವು ತಂದಿದೆ. ದರ ಏರಿದ್ದು ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರು ಕೊಳ್ಳಬೇಕಾಗಿ ಬಂದದ್ದರಿಂದ. ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರ ಹೂತುಹೋಗುತ್ತಿದ್ದ ಜಲ್ಲಿಯನ್ನು ತೆಗೆಸಿ ಕಾಂಕ್ರೀಟ್ ಹಾಕಿಸಿದ್ದು ನಮ್ಮ ಕೈಯಿಂದ. ಗೇಟಿನ ಕಟ್ಟೆ ಒಂದೂವರೆ ಅಡಿ ಎತ್ತರ. ಮೇಸ್ತ್ರಿ 8 ಅಡಿ ಇಳಿಜಾರು ಸಾಕೆಂದರು, ನಾವೂ ತಲೆಯಾಡಿಸಿದೆವು. ಕಟ್ಟಿದ ಮೇಲೆ ನೋಡಿದರೆ ಅದು ಹತ್ತುವ ದಾರಿಯಲ್ಲ, ಜಾರುಬಂಡೆ! ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕಂತೆ. ಒಡೆಸಿ 18 ಅಡಿ ಕಟ್ಟಿಸಿದೆವು. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ತೆತ್ತವರು ನಾವು, ನೀವಲ್ಲ.

ಉಳಿದ ಕಾರುಗಳನ್ನು ನಿಲ್ಲಿಸುವ ಹಿಂಬದಿಯ ಮೈದಾನದಲ್ಲಿ ನೆರಳಿಲ್ಲ ಎಂಬ ದೂರು ಮಾತ್ರ ನ್ಯಾಯವಾದದ್ದು. ಬೇಸಿಗೆ ರಜೆಗೆ ಮೊದಲು ಚಪ್ಪರ ಹಾಕಿಸುತ್ತೇವೆ. ಅಲ್ಲಿಯವರೆಗೆ ಶನಿವಾರ, ಭಾನುವಾರ ಅಲ್ಲಿಂದ ಗೇಟಿನವರೆಗೆ ವ್ಯಾನ್ ಓಡುತ್ತದೆ. ವಯಸ್ಸಾದವರು, ಎಳೆಮಕ್ಕಳ ತಾಯಂದಿರು ಮೊದಲು ಹತ್ತಲಿ. ವ್ಯಾನ್ ತಡವಾದರೆ ಟಿಕೆಟ್ ಕಿಟಕಿಗೆ ಬಂದು ನನ್ನನ್ನೇ ಕೇಳಿ.

ಇಂತಿ,
ವ್ಯವಸ್ಥಾಪಕ