ಅಯೋವಾ ಸಿಟಿಯ ಹೆಸರು ತಿಳಿಯದ ಅಕ್ಕನಿಗೆ

2019ರ ಜನವರಿಯ ಕೊನೆಯಲ್ಲಿ ಧ್ರುವಪ್ರದೇಶದ ಶೀತಗಾಳಿ ಅಮೆರಿಕದ ಮಧ್ಯಪಶ್ಚಿಮವನ್ನು ಆವರಿಸಿ, ಅಯೋವಾ ಸಿಟಿಯ ಉಷ್ಣತೆ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿದಿದ್ದಾಗ, ದಾವಣಗೆರೆಯ ಬಿಸಿಲಿನಿಂದ ಬಂದು ಮೂರು ವಾರವೂ ಕಳೆಯದ ನಾನು ತೆಳುವಾದ ಜಾಕೆಟ್ ತೊಟ್ಟು ಬಸ್ಸಿಗಾಗಿ ಕಾಯುತ್ತಿದ್ದೆ. ಕಾರು ನಿಲ್ಲಿಸಿ ಒಳಗೆ ಕೂರಿಸಿಕೊಂಡವರು ನೀವು.

ಮರಗಟ್ಟಿದ ಬೆರಳುಗಳನ್ನು ಸುಡುನೀರಿಗೆ ಅದ್ದಬಾರದು, ಉಗುರುಬೆಚ್ಚಗಿನ ನೀರೇ ಸಾಕು. ಒಂದೇ ದಪ್ಪ ಉಡುಪಿಗಿಂತ ಪದರಪದರವಾಗಿ ತೊಟ್ಟ ಬಟ್ಟೆಗಳು ಮೈಯ ಕಾವನ್ನು ಹೆಚ್ಚು ಕಾಯುತ್ತವೆ ಎಂದು ನೀವು ತಾಳ್ಮೆಯಿಂದ ತಿಳಿಸಿಕೊಟ್ಟಿರಿ. ನಿಮ್ಮ ಕೊರಳಿನ ಉಣ್ಣೆಯ ಶಾಲನ್ನೇ ನನಗೆ ಸುತ್ತಿದಿರಿ.

1967ರಿಂದ ಜಗತ್ತಿನ ನಾನಾ ದೇಶಗಳ ಲೇಖಕರನ್ನು ಬರಮಾಡಿಕೊಳ್ಳುತ್ತಿರುವ, 2008ರಲ್ಲಿ ಯುನೆಸ್ಕೋ ಸಾಹಿತ್ಯ ನಗರವೆಂದು ಗುರುತಿಸಿದ ಊರು ಎಂದಷ್ಟೇ ನನಗೆ ಅಯೋವಾ ಸಿಟಿ ಗೊತ್ತಿತ್ತು. ಸುಡಾನ್ ಮತ್ತು ಕಾಂಗೋದಿಂದ ಬಂದ ಕುಟುಂಬಗಳೂ ಅಲ್ಲಿ ನೆಲೆ ಕಂಡುಕೊಂಡಿವೆ ಎಂಬುದು, ಸುಡಾನಿನ ರಾಜಧಾನಿ ಖಾರ್ಟೂಮಿನಿಂದ ಬಂದ ನಿಮ್ಮ ಬಾಯಿಂದಲೇ ನನಗೆ ಮೊದಲು ತಿಳಿದದ್ದು. ವಿದ್ಯಾರ್ಥಿಗಳಾದ ನಾವು ಓದು ಮುಗಿಸಿ ಹೊರಟುಬಿಡುತ್ತೇವೆ; ಊರನ್ನು ಬೆಚ್ಚಗಿಟ್ಟವರು ನಿಮ್ಮಂಥವರು ಎಂದೇ ನನ್ನ ನಂಬಿಕೆ.

ಇಳಿಯುವ ಅವಸರದಲ್ಲಿ ನಿಮ್ಮ ಹೆಸರು ಕೇಳಲಿಲ್ಲ, ಅಕ್ಕಾ. ಅಂದು ಹೇಳದೆ ಉಳಿದ ಧನ್ಯವಾದವನ್ನು ಇಂದು ಎಲ್ಲರೆದುರು ತಲೆಬಾಗಿ ಅರ್ಪಿಸುತ್ತಿದ್ದೇನೆ. ಶಾಲು ನನ್ನ ಬಳಿ ಜೋಪಾನವಾಗಿದೆ.