ನಿನ್ನ ಎಐ ಪಹಣಿ ಓದಲಿ: ಪುಟ್ಟಿಗೆ ಮಾವನ ಕಾಗದ

ಚಿ. ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಹೊಸ ಕೆಲಸದ ಸುದ್ದಿ ಕೇಳಿ ಸಂತೋಷವಾಯಿತು. ಕನ್ನಡದಲ್ಲಿ ಮಾತಾಡುವ, ಕನ್ನಡದ ಕಾಗದ ಓದುವ ಎಐ ಮಾಡುತ್ತೀರಂತೆ. ನಿಮ್ಮಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅದೇನು ಅಂತ ಅವಳಿಗೂ ಗೊತ್ತಿಲ್ಲ ಬಿಡು. "ಇದರಿಂದ ಜನಕ್ಕೆ ನಿಜವಾಗಿ ಏನು ಉಪಯೋಗ ಆಗಬಹುದು ಮಾವ?" ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೇ ಈ ಕಾಗದ.

ನನಗೆ ನಿಮ್ಮ ಎಐ ಮೇಲೆ ತುಂಬಾ ಆಸೆ ಇದೆ. ಹಾಡು ಕಟ್ಟುತ್ತೆ, ಚಿತ್ರ ಬಿಡಿಸುತ್ತೆ ಅಂತಾರೆ, ಅದು ಇರಲಿ. ನನ್ನ ಕಣ್ಣ ಮುಂದೆ ಬರುವುದು ತಾಲ್ಲೂಕು ಕಚೇರಿ ಬಾಗಿಲಲ್ಲಿ ಕಾಗದ ಹಿಡಿದು "ಇದರಲ್ಲಿ ಏನು ಬರೆದಿದೆ ನೋಡಿ ಸ್ವಾಮಿ" ಅಂತ ಸಿಕ್ಕವರನ್ನೆಲ್ಲ ಕೇಳುವ ಜನ. ಗ್ರಾಮ ಲೆಕ್ಕಿಗನಾಗಿ (ಈಗ ಗ್ರಾಮ ಆಡಳಿತ ಅಧಿಕಾರಿ ಅಂತ ಹೊಸ ಹೆಸರು, ಕೆಲಸ ಅದೇ) ನಾನು ಜಾಸ್ತಿ ನೋಡಿದ್ದು ಅಂಥವರನ್ನೇ.

ನೀನು ಹುಟ್ಟುವ ಹೊತ್ತಿಗೆ, 2000ದ ಆಚೀಚೆ, ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಭೂಮಿ ಯೋಜನೆ ಬಂತು. ಅಲ್ಲಿಯ ತನಕ ಪಹಣಿ (ಜಮೀನು ಯಾರದು, ಎಷ್ಟು ಅಂತ ಹೇಳುವ ಸರ್ಕಾರಿ ಕಾಗದ) ಅಂದರೆ ಕೈಬರಹ. ಬರೆಯುವವನಿಗೆ ಪುರುಸೊತ್ತು ಆದಾಗ ಸಿಗಬೇಕು. ಕೆಲವರಿಗೆ ಕೈ ಬಿಸಿಯಾದ ಮೇಲೆ ಮಾತ್ರ ಪುರುಸೊತ್ತು ಆಗುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿ ಬಂದ ಸರದಿಯಲ್ಲೇ ಹೋಗಬೇಕು, ಹಿಂದಿನದನ್ನು ಮುಂದೆ ಹಾಕಲು ಸಾಫ್ಟ್‌ವೇರ್ ಬಿಡುತ್ತಿರಲಿಲ್ಲ. ಅಧಿಕಾರಿಯೂ ಬೆರಳಚ್ಚು ಒತ್ತಿಯೇ ಅದರೊಳಗೆ ಹೋಗಬೇಕು. ಸುಮಾರು 2 ಕೋಟಿ ಪಹಣಿಗಳು ಹೀಗೆ ಕಂಪ್ಯೂಟರಿಗೆ ಏರಿದವು. ಯಂತ್ರದಿಂದ ಬಡವರಿಗೆ ಏನೂ ಆಗುವುದಿಲ್ಲ ಅನ್ನುವವರಿಗೆ ನಾನು ಇದನ್ನೇ ತೋರಿಸುವುದು.

ಕಾಗದವೇನೋ ಬೇಗ ಸಿಕ್ಕಿತು. ಅದನ್ನು ಓದಿ ಹೇಳುವವರು ಸಿಗಲಿಲ್ಲ. ಹಿಸ್ಸಾ, ಖರಾಬು, ಆಕಾರ, ಖುಷ್ಕಿ, ಋಣಗಳು: ಡಿಗ್ರಿ ಮಾಡಿದವರಿಗೂ ತಲೆ ತಿರುಗುತ್ತದೆ. ಹಾಗಾಗಿ ಕಚೇರಿ ಹೊರಗೆ ಅರ್ಜಿ ಬರೆಯುವವನ ಕಸುಬು ಹಾಗೇ ಉಳಿಯಿತು. ಪೌತಿ ಖಾತೆಯದನ್ನೇ ನೋಡು, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ತಾತ ತೀರಿಕೊಂಡು ಎಷ್ಟೋ ಕಾಲ ಆಗಿರುತ್ತದೆ, ಜಮೀನು ಇನ್ನೂ ತಾತನ ಹೆಸರಲ್ಲೇ. ಬೆಳೆ ಸಾಲಕ್ಕೆ ತೊಂದರೆ, ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಗೂ ತೊಂದರೆ. ಮರಣ ಪ್ರಮಾಣಪತ್ರ ತಂದ ದಿನ ವಂಶವೃಕ್ಷ ಎಲ್ಲಿ ಅಂತಾರೆ. ಅದನ್ನು ತಂದ ದಿನ ಸಾಹೇಬರು ಇರುವುದಿಲ್ಲ. ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು.

ನನ್ನ ಆಸೆ ಇರುವುದು ಇಲ್ಲಿ. ಹೆಂಗಸೊಬ್ಬಳು ಫೋನನ್ನು ಪಹಣಿಯ ಮೇಲೆ ಹಿಡಿದರೆ, "ಅಮ್ಮಾ, ಜಮೀನು ನಿಮ್ಮ ಮಾವನವರ ಹೆಸರಲ್ಲಿದೆ. ಸೊಸೈಟಿ ಸಾಲ ಇನ್ನೂ ಕಾಣಿಸುತ್ತಿದೆ. ತೀರಿಸಿದ್ದರೆ ತೀರಿಸಿದ ಪತ್ರ ತನ್ನಿ. ಜೊತೆಗೆ ಇಂತಿಂಥ ಕಾಗದ ಬೇಕು" ಅಂತ ಒಂದೇ ಸಲಕ್ಕೆ ಹೇಳಬೇಕು. ಅವಳು ಮತ್ತೆ ಕೇಳಿದರೆ ಮತ್ತೆ ಹೇಳಬೇಕು. ಎಷ್ಟು ಸಲ ಕೇಳಿದರೂ ಮುಖ ಸಿಂಡರಿಸದ ಗುಮಾಸ್ತ ಸಿಕ್ಕಿದ ಹಾಗಲ್ವಾ? ದಾರಿ ಆಗಲೇ ಶುರುವಾಗಿದೆ. ಕೇಂದ್ರ ಸರ್ಕಾರ 2022ರಲ್ಲಿ ನಮ್ಮ ಭಾಷೆಗಳ ನಡುವೆ ಅನುವಾದ ಮಾಡುವ ಭಾಷಿಣಿ ತಂದಿತು, 2023ರಲ್ಲಿ ಪಿಎಂ ಕಿಸಾನ್ ಬಗ್ಗೆ ರೈತರು ಕೇಳಿದ್ದಕ್ಕೆ ಉತ್ತರ ಹೇಳುವ ಎಐ, ಕಿಸಾನ್ ಇ-ಮಿತ್ರ ಬಂತು. ಮುಂದಿನದು ನಿಮ್ಮಂಥವರ ಕೈಯಲ್ಲಿದೆ.

ಈಗ ಕಿವಿಮಾತು ಕೇಳು. ಪಹಣಿಯಲ್ಲಿ 2.20 ಅಂತ ಇದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಅಂದರೆ ಎರಡೂವರೆ ಎಕರೆ. ಅದಕ್ಕೆ 1.30 ಕೂಡಿಸಿದರೆ ನಮ್ಮ ಲೆಕ್ಕದಲ್ಲಿ 4.10. ನಿನ್ನ ಯಂತ್ರ ಶಾಲೆಯ ಲೆಕ್ಕ ಮಾಡಿ 3.50 ಅನ್ನುತ್ತದೆ. ಪಹಣಿಯಲ್ಲಿ 3.50 ಅನ್ನುವ ಅಂಕಿಯೇ ಇರುವುದಿಲ್ಲ! ಅಣ್ಣತಮ್ಮಂದಿರ ಪಾಲಿನಲ್ಲಿ ಒಬ್ಬನಿಗೆ ಹೀಗೆ ಲೆಕ್ಕ ಹೇಳಿದರೆ ಸಾಕು, ಇಬ್ಬರೂ ಕೋರ್ಟು ಹತ್ತುತ್ತಾರೆ. ಹಳೆಯ ಕಡತಗಳದ್ದು ಇನ್ನೂ ಕಷ್ಟ. ಭೂ ಸುರಕ್ಷಾ ಅಂತ ತಾಲ್ಲೂಕು ಕಚೇರಿಗಳಲ್ಲಿ ಅವನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ಒಳ್ಳೆಯ ಕೆಲಸ. ಆದರೆ ಶಾನುಭೋಗರ ಅವಸರದ ಕೈಯಲ್ಲಿ ೩ ಯಾವುದು, ೬ ಯಾವುದು ಅಂತ ನಾವೇ ಬೆಳಕಿಗೆ ಹಿಡಿದು ನೋಡಬೇಕು. ಅಂಥ ಕಡೆ ನಿನ್ನ ಎಐ ಊಹೆ ಮಾಡಬಾರದು. "ಈ ಅಂಕಿ ಸರಿಯಾಗಿ ಕಾಣುತ್ತಿಲ್ಲ, ಮೂಲ ಕಡತ ನೋಡಿಸಿ" ಅಂತ ಹೇಳುವುದನ್ನು ಮೊದಲು ಕಲಿಸು. ಮಿಕ್ಕಿದ್ದು ಆಮೇಲೆ.

ನಿಮ್ಮಮ್ಮನಿಗೆ ಸಕ್ಕರೆ ಕಾಯಿಲೆ ಅಲ್ವಾ, ಅದಕ್ಕೆ ಕಣ್ಣಿನ ವಿಷಯವನ್ನೂ ಓದಿ ನೋಡಿದೆ. ಸಕ್ಕರೆಯಿಂದ ಕಣ್ಣಿನ ಒಳಪದರಕ್ಕೆ ಆಗುವ ಹಾನಿಯನ್ನು ಫೋಟೋ ನೋಡಿ ಗುರುತಿಸುವ ಎಐ ಬಗ್ಗೆ ಗೂಗಲ್‌ನವರು 2016ರಲ್ಲಿ ಬರೆದರು. 1,28,175 ಫೋಟೋ ತೋರಿಸಿ ಕಲಿಸಿದ್ದರು. ಅದರಲ್ಲಿ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದ ಫೋಟೋಗಳೂ ಇದ್ದವು. ಕಣ್ಣಿನ ಡಾಕ್ಟರುಗಳಿಗೆ ಸರಿಸಮವಾಗಿ ಹೇಳಿತು. ಆಮೇಲೆ ಥಾಯ್ಲೆಂಡಿನ 11 ಚಿಕ್ಕ ಆಸ್ಪತ್ರೆಗಳಲ್ಲಿ ಇಟ್ಟು ನೋಡಿದರು. ಅಲ್ಲಿ ಕೋಣೆಯ ಬೆಳಕು ಸರಿ ಇರಲಿಲ್ಲ. ನರ್ಸುಗಳು ತೆಗೆದ 1,838 ಫೋಟೋಗಳಲ್ಲಿ ಸುಮಾರು ಐದರಲ್ಲಿ ಒಂದನ್ನು ಯಂತ್ರ "ಆಗಲ್ಲ" ಅಂತ ತಳ್ಳಿಹಾಕಿತು. ಅಂಥವರು ಇನ್ನೊಂದು ದಿನ ಬಿಡುವು ಮಾಡಿಕೊಂಡು ದೂರದ ಆಸ್ಪತ್ರೆಗೆ ಹೋಗಬೇಕಾಯಿತು. ಮತ್ತೆ ಅದೇ ಕೂಲಿ ಹೋಗುವ ಕಥೆ. ಯಂತ್ರ ಸುಳ್ಳು ಹೇಳಲಿಲ್ಲ, ಅದು ಸರಿ. ಆದರೆ ಅದನ್ನು ಮಾಡಿದವರು ಆ ಕೋಣೆಗಳನ್ನು ಮೊದಲೇ ನೋಡಿ ಬಂದಿದ್ದರೆ ಎಷ್ಟು ಚೆನ್ನಾಗಿತ್ತು.

ಅದಕ್ಕೇ ಹೇಳುವುದು, ಆಫೀಸಿನ ಎಸಿಯಲ್ಲಿ ಪರೀಕ್ಷೆ ಮಾಡಿ ಮುಗಿಸಬೇಡ. ಸೋಮವಾರ ಬೆಳಿಗ್ಗೆ ಯಾವುದಾದರೂ ನಾಡಕಚೇರಿಗೆ ಹೋಗಿ ಸುಮ್ನೆ ಕೂತುಕೋ. ಎಲೆಅಡಿಕೆ ಬಾಯಲ್ಲಿಟ್ಟುಕೊಂಡೇ ಮಾತಾಡುವ ಮುದುಕರು, ಗಾಜು ಒಡೆದ ಫೋನು, ಬಂದು ಹೋಗುವ ನೆಟ್‌ವರ್ಕು, ಎಂಟು ಮಡಿಕೆಯ ಪಹಣಿ. ಇಷ್ಟರ ನಡುವೆ ಅದು ಕೆಲಸ ಮಾಡಬೇಕು.

ಇನ್ನೊಂದು, ಇದನ್ನು ನಿಮ್ಮ ದೊಡ್ಡವರಿಗೂ ಹೇಳು. ಜನ ತೋರಿಸಿದ ಕಾಗದ ಇನ್ನೊಬ್ಬರ ಕೈಗೆ ಹೋಗಕೂಡದು. ಯಾರ ಜಮೀನಿಗೆ ಪೌತಿ ಖಾತೆ ಆಗಿಲ್ಲ, ಯಾರ ಮೇಲೆ ಸಾಲ ಇದೆ ಅಂತ ಗೊತ್ತಾದರೆ ಲೇಔಟ್ ಮಾಡುವವರು ಮಾರನೇ ದಿನವೇ ಮನೆ ಬಾಗಿಲಲ್ಲಿ ಇರುತ್ತಾರೆ. ದಲ್ಲಾಳಿಗಳು ಅದಕ್ಕೆ ಎಷ್ಟು ಬೇಕಾದರೂ ದುಡ್ಡು ಕೊಡುತ್ತಾರೆ, ನನಗೆ ಗೊತ್ತು.

ದೀಪಾವಳಿಗೆ ಬರುವಾಗ ಲ್ಯಾಪ್‌ಟಾಪ್ ಮರೆಯಬೇಡ. ನಮ್ಮ ಮನೆಯ ಹಳೆಯ ಕೈಬರಹದ ಪಹಣಿ ಹುಡುಕಿ ಇಟ್ಟಿರುತ್ತೇನೆ, ನಿನ್ನ ಯಂತ್ರ ಏನು ಓದುತ್ತೆ ನೋಡೋಣ. ಒಂದು ದಿನ ಜಾಸ್ತಿ ರಜೆ ಹಾಕು. ಕಚೇರಿ ತೆರೆದ ದಿನ ನಿನ್ನನ್ನು ನಾನೇ ಕರೆದುಕೊಂಡು ಹೋಗುತ್ತೇನೆ.

ಇಂತಿ,
ನಿನ್ನ ಮಾವ